ಚಿಕ್ಕಪ್ಪನ ಅರ್ಜಿ ಎಲ್ಲಿಗೆ ಬಂತು?

ನಮ್ ಚಿಕ್ಕಪ್ಪ ಎರಡು ವರ್ಷದ ಹಿಂದೆ ಮೆಣಸು ಕೊಯ್ಯೋವಾಗ ಏಣಿ ಜಾರಿ ಸಿಲ್ವರ್ ಮರದಿಂದ ಬಿದ್ರು. ಸೊಂಟಕ್ಕೆ ಏಟಾಗಿ ಬಲಗಾಲು ಸೋತುಹೋಯ್ತು, ಈಗ ವಾಕರ್ ಹಿಡ್ಕೊಂಡು ಅಂಗಳದವರೆಗೆ ಬಂದ್ರೆ ಅದೇ ಹೆಚ್ಚು. ನಾನು ಕೆಲ್ಸ ಮಾಡೋದು ಹಾಸನದಲ್ಲಿ, ಶನಿವಾರ ಸಂಜೆ ಸಕಲೇಶಪುರದಲ್ಲಿ ಬಸ್ ಇಳಿದು ಊರಿಗೆ ಹೋದ್ರೆ ನಾನು ಚಪ್ಪಲಿ ಬಿಡೋಕೆ ಮುಂಚೇನೇ ಕೇಳೋರು, "ಏನ್ ಮಗಾ, ಏನಾರ ಬಂತಾ?" ಅಂತ. ಅವ್ರು ಕೇಳ್ತಿದ್ದಿದ್ದು ಅಂಗವಿಕಲರ ಪಿಂಚಣಿ ಬಗ್ಗೆ. ವಾರ ವಾರ "ಇನ್ನೂ ಪೆಂಡಿಂಗ್ ಚಿಕ್ಕಪ್ಪ" ಅಂತ ಹೇಳೋದು ನಂಗೆ ಎಷ್ಟು ಸಂಕಟ ಆಗ್ತಿತ್ತು ಅಂದ್ರೆ ಒಂದೆರಡು ವಾರ ಊರಿಗೇ ಹೋಗ್ಲಿಲ್ಲ.

ನಂಗೆ ತಡವಾಗಿ ಅರ್ಥ ಆಗಿದ್ದು ಏನಂದ್ರೆ, ನಾವು ಒಂದೇ ಅರ್ಜಿ ಅಂದ್ಕೊಂಡಿರ್ತೀವಿ, ಆದ್ರೆ ಅದು ಒಂದಲ್ಲ. ಮೊದಲು ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಅದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್, ಅದಕ್ಕೊಂದು ಎನ್‌ರೋಲ್‌ಮೆಂಟ್ ನಂಬರ್. ಆಮೇಲೆ ನಾಡಕಚೇರಿಲಿ ಪಿಂಚಣಿ ಅರ್ಜಿ, ಅದಕ್ಕೆ ಬೇರೆ ನಂಬರ್. ಮಂಜೂರಾದ್ಮೇಲೆ ದುಡ್ಡಿನ ದಾರೀನೇ ಬೇರೆ, ಅಲ್ಲಿ ಇವೆರಡು ನಂಬರೂ ಕೆಲ್ಸಕ್ಕೆ ಬರಲ್ಲ, ಆಧಾರ್ ಒಂದೇ. ನಾನು ಆರು ತಿಂಗಳು ಒಂದು ಕಡೆ ಆಗಿರೋ ತೊಂದ್ರೇನ ಇನ್ನೊಂದು ಕಡೆ ಹುಡುಕ್ತಾ ಕೂತಿದ್ದೆ.

ಯುಡಿಐಡಿ ಆಸ್ಪತ್ರೆ ಹಂತದಲ್ಲೇ ನಿಂತಿತ್ತು. ಯಾಕೆ ನಿಂತಿದೆ ಅಂತ ಪೋರ್ಟಲ್‌ನಲ್ಲಿ ಒಂದು ಮಾತಿಲ್ಲ, ನೇರ ಹೋಗಿ ಕೇಳಿದಾಗಲೇ ಗೊತ್ತಾಗಿದ್ದು ನಾವು ಹಾಕಿದ್ದ ಒಂದು ದಾಖಲೆ ಓದೋಕೇ ಆಗ್ತಿರ್ಲಿಲ್ಲ ಅಂತ. ಸೊಂಟ ನೋವಿರೋ ಮನುಷ್ಯನ್ನ ಆಟೋದಲ್ಲಿ ಕೂರಿಸ್ಕೊಂಡು ಎರಡು ಸಲ ಹೋಗಿ ಬಂದ್ವಿ, ಅದೊಂದು ಸಾಲು ಮೊಬೈಲ್‌ಗೆ ಬಂದಿದ್ರೆ ಸಾಕಿತ್ತು. ಕೊನೆಗೆ ಅಂಗವೈಕಲ್ಯ 60 ಪರ್ಸೆಂಟ್ ಅಂತ ಬರೆದು ಹಳದಿ ಕಾರ್ಡ್ ಬಂತು. 40ರಿಂದ 80ರ ಒಳಗಿದ್ರೆ ಹಳದಿ, 80 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ನೀಲಿ, 40ಕ್ಕಿಂತ ಕಮ್ಮಿ ಇದ್ರೆ ಬಿಳಿ.

ನಾಡಕಚೇರಿ ವಿಷಯದಲ್ಲಿ ಕೈ ಹಿಡಿದಿದ್ದು ನಮ್ ಪಂಚಾಯ್ತಿಯ ವಿಆರ್‌ಡಬ್ಲ್ಯೂ. ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗವಿಕಲರನ್ನೇ ಆ ಕೆಲ್ಸಕ್ಕೆ ತಗೋತಾರೆ. ತುಂಬ ಜನಕ್ಕೆ ಇಂಥವರೊಬ್ರು ಇದಾರೆ ಅನ್ನೋದೇ ಗೊತ್ತಿಲ್ಲ, ನಂಗೂ ಗೊತ್ತಿರ್ಲಿಲ್ಲ. ಅವ್ರು ಬಂದು ಮೊದಲು ಕೇಳಿದ್ದೇ "ಸ್ವೀಕೃತಿ ಚೀಟಿ ಎಲ್ಲಿ?" ಅಂತ. ಚಿಕ್ಕಪ್ಪ ಅದನ್ನ ರೇಷನ್ ಕಾರ್ಡ್ ಕವರ್ ಒಳಗೆ ಮಡಚಿ ಬಿಸ್ಕತ್ ಡಬ್ಬಿಲಿ ಇಟ್ಟು ಆ ಡಬ್ಬೀನ ಒಲೆ ಪಕ್ಕ ಇಟ್ಟಿದ್ರು, ಮಳೆಗಾಲದ ಥಂಡಿ ತಾಗದೆ ಇರ್ಲಿ ಅಂತ. ಆದ್ರೂ ಮಡಿಕೆ ಬಿದ್ದ ಜಾಗದಲ್ಲಿ ಶಾಯಿ ಹಬ್ಬಿ ಎರಡು ಅಂಕಿ ಕಾಣ್ತಾನೇ ಇರ್ಲಿಲ್ಲ, 8ರೋ 3ರೋ ಅಂತ ಟಾರ್ಚ್ ಹಾಕಿ ನೋಡಿ ಒಂದೊಂದೇ ಹಾಕಿ ಟ್ರೈ ಮಾಡಿದ್ವಿ. ಚೀಟಿ ಕೈಗೆ ಬಂದ ದಿನಾನೇ ಫೋಟೋ ತೆಗ್ದು ಮನೇಲಿ ಇಬ್ರು ಮೂವರ ಫೋನಲ್ಲಿ ಇಟ್ಕೊಳ್ಳಿ ದಯವಿಟ್ಟು. ಅದ್ರಲ್ಲಿರೋ 15 ಅಂಕಿಯ ಸಕಾಲ ನಂಬರ್ (ಸರ್ಕಾರಿ ಸೇವೆ ಗಡುವಿನೊಳಗೆ ಕೊಡ್ಬೇಕು ಅನ್ನೋ ಯೋಜನೆಯದ್ದು) ಇದ್ರೇನೇ ಅರ್ಜಿ ಯಾರ ಹತ್ರ ಇದೆ, ಗಡುವು ಯಾವತ್ತು ಅಂತ ಕೇಳೋಕಾಗೋದು. ಗಡುವು ಮೀರಿದ್ರೆ ಮೇಲ್ಮನವಿ ಹಾಕ್ಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳೋ ಹಕ್ಕೂ ಇದೆ. ನಾವು ದುಡ್ಡು ಕೇಳ್ಲಿಲ್ಲ, ನಂಬರ್ ಹಿಡ್ಕೊಂಡು ಹೋಗಿ "ಇದು ಯಾರ ಲಾಗಿನ್‌ನಲ್ಲಿದೆ ಸರ್?" ಅಂತ ಕೇಳಿದ್ವಿ, ಅಷ್ಟೇ. ಮುಂದಿನ ವಾರವೇ ಕಚೇರಿಯವರು ಊರಿಗೆ ಬಂದು ಸ್ಥಳ ಪರಿಶೀಲನೆ ಮಾಡ್ಕೊಂಡು ಹೋದ್ರು.

ಆಮೇಲೆ ಮಂಜೂರಾತಿ ಆದೇಶ ಬಂತು, ಚಿಕ್ಕಮ್ಮ ಪಾಯಸ ಮಾಡಿದ್ರು. 40ರಿಂದ 75 ಪರ್ಸೆಂಟ್ ಒಳಗಿನೋರಿಗೆ 2021ರಲ್ಲಿ 600 ಇದ್ದಿದ್ದನ್ನ 800 ಮಾಡಿದ್ರಲ್ಲ, ಆ ಲೆಕ್ಕದಲ್ಲಿ ತಿಂಗಳಿಗೆ 800. ಅದು ಅವ್ರ ಮಾತ್ರೆಗೆ ಆಗುತ್ತೆ, ಯಾರ ಮುಂದೇನೂ ಕೈ ಚಾಚದೆ ಆಗುತ್ತೆ, ಅವ್ರಿಗೆ ಅದೇ ಮುಖ್ಯ. ಆದ್ರೆ ಒಂದು ತಿಂಗಳಾಯ್ತು, ಎರಡಾಯ್ತು, ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರೆ ಏನೂ ಇಲ್ಲ. ಕಚೇರಿಲಿ "ನಮ್ ಕಡೆಯಿಂದ ಹೋಗಿದೆ" ಅಂತಾರೆ, ಬ್ಯಾಂಕಲ್ಲಿ "ಬಂದಿಲ್ಲ" ಅಂತಾರೆ. ಇಬ್ರೂ ಹೇಳಿದ್ದು ನಿಜಾನೇ!

ಅಮ್ಮ ಗೃಹಲಕ್ಷ್ಮಿ ದುಡ್ಡು ನೋಡೋಕೆ ಇಟ್ಕೊಂಡಿರೋ ಡಿಬಿಟಿ ಕರ್ನಾಟಕ ಆ್ಯಪ್ (ಸರ್ಕಾರದ ದುಡ್ಡು ಯಾವ ಖಾತೆಗೆ ಹೋಯ್ತು ಅಂತ ತೋರ್ಸೋದು) ನೆನಪಾಗಿ ಚಿಕ್ಕಪ್ಪನ ಆಧಾರ್ ಹಾಕಿ ನೋಡೋಣ ಅಂದ್ರೆ ಓಟಿಪಿ ಹೋಗೋದು ಅವ್ರ ಕೀಪ್ಯಾಡ್ ಫೋನ್‌ಗೆ, ನಮ್ಮನೇಲಿ ಸಿಗ್ನಲ್ ಇಲ್ಲ. ಜೋರು ಮಳೆ, ಛತ್ರಿ ಹಿಡ್ಕೊಂಡು ಎರಡೂ ಫೋನ್ ತಗೊಂಡು ಮೇಲಿನ ತಿರುವಿಗೆ ಹೋಗಿ ನಿಂತೆ. ಮೂರು ಓಟಿಪಿ ಟೈಮ್ ಮುಗಿದ್ಮೇಲೆ ಬಂದ್ವು, ನಾಲ್ಕನೇದು ಹತ್ತಿತು. ಆಧಾರ್ ಸೀಡಿಂಗ್, ಅಂದ್ರೆ ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅನ್ನೋ ಕಡೆ ನೋಡಿದ್ರೆ ಬೇರೆ ಯಾವುದೋ ಬ್ಯಾಂಕಿನ ಹೆಸ್ರು. ಓಡಿ ಬಂದು ಕೇಳಿದೆ. ಚಿಕ್ಕಪ್ಪ ಸುಮಾರು ಹೊತ್ತು ಯೋಚ್ನೆ ಮಾಡಿ, "ಹೌದು ಮಗಾ, ಹಿಂದೆ ತೋಟದಲ್ಲಿ ಎಲ್ರಿಗೂ ಒಂದು ಅಕೌಂಟ್ ಮಾಡ್ಸಿದ್ರು" ಅಂದ್ರು.

ಅರ್ಜಿಲಿ ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ರೂ ಆಧಾರ್ ಮೂಲಕ ಬರೋ ದುಡ್ಡು ಆಧಾರ್‌ಗೆ ಕೊನೇ ಸಲ ಜೋಡಣೆ ಆದ ಖಾತೆಗೇ ಹೋಗೋದು. ಎರಡು ವರ್ಷ ಖಾತೇಲಿ ವ್ಯವಹಾರ ಇಲ್ಲ ಅಂದ್ರೆ ಅದು ನಿಷ್ಕ್ರಿಯ, ಆದ್ರೂ ಸರ್ಕಾರದ ದುಡ್ಡು ಒಳಗೆ ಬಂದು ಬೀಳ್ತಾ ಇರುತ್ತೆ, ತೆಗೆಯೋಕೆ ಮಾತ್ರ ಮತ್ತೆ ಕೆವೈಸಿ, ಅಂದ್ರೆ ಗುರುತು-ವಿಳಾಸದ ದಾಖಲೆ ಕೊಡ್ಬೇಕು.

ಚಿಕ್ಕಪ್ಪನ್ನ ಕರ್ಕೊಂಡು ಆ ಬ್ಯಾಂಕಿಗೆ ಹೋದ್ವಿ. ಕೆವೈಸಿ ಎಲ್ಲ ಆಗಿ ಹೊಸ ಪಾಸ್‌ಬುಕ್ ಪ್ರಿಂಟ್ ಆಗಿ ಬಂದಾಗ ಒಂದರ ಕೆಳಗೊಂದು ನಾಲ್ಕು ಸಲ 800. ಚಿಕ್ಕಪ್ಪ ವಾಕರ್‌ನಿಂದ ಒಂದು ಕೈ ಬಿಟ್ಟು ಆ ನಾಲ್ಕು ಸಾಲಿನ ಮೇಲೆ ಬೆರಳಾಡಿಸಿ, "ಓದು ಮಗಾ" ಅಂದ್ರು. ಓದಿದೆ. ಇನ್ನೊಂದ್ಸಲ ಓದು ಅಂದ್ರು.

ಈ ಭಾನುವಾರ ತೋಟದ ಕೆಲ್ಸದವರ ಲೈನ್ ಮನೆಯಿಂದ ಇನ್ನೊಬ್ರು ಚೀಟಿ ತಗೊಂಡು ಬರ್ತೀನಿ ಅಂದಿದಾರೆ, ಅವ್ರ ಮಗಳಿಗೆ ಕಿವಿ ಕೇಳ್ಸಲ್ಲ, ಒಂದು ವರ್ಷದಿಂದ ಪೆಂಡಿಂಗ್ ಅಂತೆ.