ಹಳೆಯ ಪಾಪ್ ಹಾಡುಗಳಿಗೆ ಈಗೇಕೆ ಅಂಕ?

ತಿಂಗಳ ಕೊನೆಯ ಭಾನುವಾರ ಮೈಸೂರಿನ ಸರಸ್ವತಿಪುರಂನ ಗೆಳೆಯನ ಮನೆಯಲ್ಲಿ ನಾವು ಏಳು ಮಂದಿ ಸೇರಿ, ತೊಂಬತ್ತರ ದಶಕದ ಪಾಪ್ ಹಾಡುಗಳನ್ನು ಕೇಳಿ, ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಹಾಕುತ್ತೇವೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಇನ್ನೂ ಅದೇ ಹಾಡುಗಳಾ? ಈಗ ಅಂಕ ಹಾಕಿದರೆ ಏನು ಸಿಗುತ್ತದೆ?” ಬಾಯಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ನನಗೆ ಸಿಟ್ಟು ತರಿಸುವುದು ಆ “ಇನ್ನೂ”. ಕಳೆದ ವರ್ಷ ಮಂಡ್ಯದ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರು, “ಇನ್ನೂವೆ ಆ ಕ್ಯಾಸೆಟ್ ಹಿಡ್ಕಂಡೇ ಕೂತಿದ್ದೀರಂತಲ್ಲ?” ಎಂದು ಎಲೆಯಿಂದ ತಲೆಯೆತ್ತದೆ ಕೇಳಿದರು. ಅವರಾದರೋ ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವದ ಸಂಗೀತ ಕಚೇರಿಗಳಿಗೆ ತಪ್ಪದೆ ಬಂದು, ಹೋದ ವರ್ಷ ಕೇಳಿದ ಕೃತಿಯನ್ನೇ ಇನ್ನೊಬ್ಬರ ಕಂಠದಲ್ಲಿ ಕೇಳಿ, ಯಾರ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವುದು) ಮೇಲು ಎಂದು ವಾದಿಸುವವರು. ಅದು ರಸಿಕತೆ, ನಮ್ಮದು ಹುಡುಗಾಟ ಎಂಬುದನ್ನು ನಾನು ಒಪ್ಪುವುದಿಲ್ಲ ಎಂದು ಅಲ್ಲೇ ಹೇಳಿದೆ. ಪಾಯಸ ಬರುವವರೆಗೂ ಅವರು ಮಾತನಾಡಲಿಲ್ಲ.

1997ರಲ್ಲಿ, ಹಾಸ್ಟೆಲಿನಲ್ಲಿದ್ದಾಗ, ಇದೇ ಏಳು ಮಂದಿ ಇವೇ ಹಾಡುಗಳಿಗೆ ಅಂಕ ಹಾಕಿದ್ದೆವು; ಆ ನೋಟ್‌ಬುಕ್ಕಿನ ಹಾಳೆ ನನ್ನ ಬಳಿ ಇದೆ. ಇಂದು ಅದನ್ನು ನೋಡಿದರೆ ಆ ಅಂಕಗಳಲ್ಲಿ ನಮ್ಮ ಕಿವಿಯ ಪಾಲು ಬಹಳ ಕಡಿಮೆ ಎಂದು ತಿಳಿಯುತ್ತದೆ. ಕೊಡಗು ಮೂಲದ ಬಿದ್ದು ಅಪ್ಪಯ್ಯನವರು ಸಂಗೀತ ನೀಡಿ, ಅಲಿಶಾ ಚಿನಾಯ್ ಹಾಡಿದ, 1995ರ ‘ಮೇಡ್ ಇನ್ ಇಂಡಿಯಾ’ಕ್ಕೆ ಎಲ್ಲರೂ ಒಂಬತ್ತು ಕೊಟ್ಟಿದ್ದೆವು. ಕೇಬಲ್ ಟಿವಿಯಲ್ಲಿ ದಿನವೂ ನೋಡುತ್ತಿದ್ದ, ಪೆಟ್ಟಿಗೆಯೊಳಗಿಂದ ಮಿಲಿಂದ್ ಸೋಮನ್ ಹೊರಬರುವ ಆ ವಿಡಿಯೊಗೆ ಬಿದ್ದ ಅಂಕ ಅದು. ಚಿತ್ರವಿಲ್ಲದೆ ಕೇಳಿದಾಗ ಆರಕ್ಕೆ ಇಳಿಯಿತು. ಲಕ್ಕಿ ಅಲಿಯವರ 1996ರ ‘ಓ ಸನಮ್’, ಕುಣಿಯಲು ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಐದು ಪಡೆದಿತ್ತು. ಪಳಗಿಸಿ ನುಣುಪು ಮಾಡದ ಆ ಕಂಠಕ್ಕೆ ಈಗ ಎಂಟು ಕೊಟ್ಟರೂ ಕಡಿಮೆಯೆನಿಸುತ್ತದೆ.

ನಿಜವಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಹಾಡಿಗೆ ಅನ್ಯಾಯ ಮಾಡಿದಿರಿ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಸೇರಿ ‘ಕಲೋನಿಯಲ್ ಕಸಿನ್ಸ್’ ಹೆಸರಿನಲ್ಲಿ 1996ರಲ್ಲಿ ತಂದ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಡಿಗೆ. ಹಾಳೆಯಲ್ಲಿ ಅದರ ಮುಂದೆ ನನ್ನ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, ಎರಡು ಎಂದಿದೆ. ಇಲ್ಲೇ ಪಕ್ಕದ ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರ ಕೃತಿ ಅದು. ಯಮುನಾಕಲ್ಯಾಣಿ ರಾಗದಲ್ಲಿ ಅಮ್ಮನ ಭಜನಾ ಮಂಡಳಿಯವರು ವಾರಕ್ಕೊಮ್ಮೆ ಹಾಡುತ್ತಿದ್ದದ್ದು. ಮನೆಯ ದೇವರನಾಮ ಪಾಪ್ ಹೇಗಾದೀತು ಎಂಬ ಅಸಡ್ಡೆ ನನ್ನದಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ನಮ್ಮದು ಅಂಗಡಿಯಲ್ಲಿ ಪಟ್ಟಿ ಕೊಟ್ಟು ತುಂಬಿಸಿಕೊಂಡ ತೊಂಬತ್ತು ನಿಮಿಷದ ಕ್ಯಾಸೆಟ್. ಒಂದು ಬದಿಗೆ ನಲವತ್ತೈದು ನಿಮಿಷ. ಈ ಹಾಡು ಬಿ ಬದಿಯ ಕೊನೆಯದು. ಪಲ್ಲವಿ ಕೇಳಿಸುವಷ್ಟರಲ್ಲಿ ಟೇಪ್ ಮುಗಿದು, ಪ್ಲೇಯರಿನ ಗುಂಡಿ ಟಕ್ಕೆಂದು ಮೇಲೇಳುತ್ತಿತ್ತು. ಪೂರ್ತಿ ಕೇಳದ ಹಾಡಿಗೆ, ಅದು ಪೂರ್ತಿಯಲ್ಲ ಎಂಬ ಪ್ರಜ್ಞೆಯೂ ಇಲ್ಲದೆ, ಏಳು ಮಂದಿ ಅಂಕ ಹಾಕಿದ್ದೆವು.

ಈ ವರ್ಷ ಮೂಲ ಧ್ವನಿಮುದ್ರಣವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ಬೇಗನೆ ಬಾರೋ ಎಂಬ ಕನ್ನಡದ ಕರೆಯ ಮಗ್ಗುಲಲ್ಲೇ ಯೇಸುವಾಗಿ ಬಾ, ರಾಮನಾಗಿ ಬಾ, ಅಲ್ಲಾಹನಾಗಿ ಬಾ ಎಂಬ ಅರ್ಥದ ಇಂಗ್ಲಿಷ್ ಸಾಲುಗಳು ಬರುತ್ತವೆ. ತಾಯಿ ಮಗನನ್ನು ಕರೆಯುವ ಸಲುಗೆಯಲ್ಲೇ ಲೋಕವನ್ನು ಕಾಯಲು ಕರೆಯುವ ಆ ಧೈರ್ಯ ಇಪ್ಪತ್ತರ ವಯಸ್ಸಿನ ನನಗೆ ತಲುಪಲೇ ಇಲ್ಲ. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಪೆನ್ನು ಎತ್ತಿಕೊಳ್ಳಲಿಲ್ಲ.

ಹಳೆಯ ಎರಡನ್ನು ಹೊಡೆದುಹಾಕದೆ, ಅದರ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ಒಂಬತ್ತು ಎಂದು ಬರೆದೆ. ನಮ್ಮಲ್ಲೊಬ್ಬ ಮಾತ್ರ ಇಂಗ್ಲಿಷ್ ಸಾಲುಗಳು ದೇವರನಾಮದ ಓಟವನ್ನು ಕೆಡಿಸುತ್ತವೆಂದು ವಾದಿಸಿ, ನಾಲ್ಕರ ಮೇಲೆ ಹೋಗಲು ಒಪ್ಪಲಿಲ್ಲ. ಮುಂದಿನ ಭಾನುವಾರ ಅದೇ ಹಾಡನ್ನು ಮೊದಲು ಹಾಕುವುದೆಂದು ತೀರ್ಮಾನವಾಗಿದೆ.