ಅವ್ವನನ್ನು ತವರಿಗೆ ಕರೆದೊಯ್ದ ಮೋಟರ್‌ಹೋಮ್

ನಮ್ಮ ಭಾಗದಲ್ಲಿ ವಯಸ್ಸಾದ ಹೆಣ್ಣುಮಕ್ಕಳು ತವರಿಗೆ ಹೋಗುವುದನ್ನು ಬಿಡುವುದು ಹೆಚ್ಚಾಗಿ ಮೊಣಕಾಲಿನ ದೆಸೆಯಿಂದ. ಧಾರವಾಡದಿಂದ ಗದಗ ಜಿಲ್ಲೆಯ ಹಳ್ಳಿಯವರೆಗೆ ಬಸ್ಸಿನಲ್ಲಿ ಕುಳಿತು ಹೋಗಲು ಅವ್ವನಿಗೆ ಈಗಲೂ ಸಾಧ್ಯ. ಆದರೆ ಅಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯ ಹಿತ್ತಲಿನ ತುದಿಯಲ್ಲಿದೆ, ರಾತ್ರಿ ಒಂದೆರಡು ಸಲ ಏಳಲೇಬೇಕಾದವಳಿಗೆ ಅಷ್ಟು ದೂರ ಕತ್ತಲಲ್ಲಿ ನಡೆಯುವುದು, ಕುಳಿತ ಮೇಲೆ ಎದ್ದು ನಿಲ್ಲುವುದು ಎರಡೂ ಆಗದ ಮಾತು. ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು, ತನ್ನ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಕರೆದಾಗಲೆಲ್ಲ "ಮುಂದಿನ ಹಬ್ಬಕ್ಕ ಬರ್ತೇನಿ ತಗೊ" ಎಂದು ಅವಳು ವರ್ಷಗಳನ್ನೇ ದೂಡಿದ್ದಳು. ಕಳೆದ ಎಳ್ಳು ಅಮಾವಾಸ್ಯೆಗೆ ನಾವು ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡದ್ದು ಈ ಒಂದೇ ಕಾರಣಕ್ಕೆ.

ಟೆಂಪೊ ಟ್ರಾವೆಲರ್‌ನ ಒಡಲಲ್ಲಿ ಮಲಗುವ ಮಂಚ, ಪುಟ್ಟ ಅಡುಗೆ ಕಟ್ಟೆ, ಸಣ್ಣ ಫ್ರಿಜ್ಜು ಮತ್ತು ಕಮೋಡ್ ಇರುವ ಬಚ್ಚಲನ್ನು ಕೂಡಿಸಿದ ಗಾಡಿ ಅದು. ಛಾವಣಿಯ ಮೇಲೆ ಸೌರ ಫಲಕವಿತ್ತು. ನಮ್ಮವರಿಗೆ ಇಂಥ ಪ್ರಯಾಣ ತೀರ ಹೊಸದೇನಲ್ಲ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು, ರೊಟ್ಟಿಯ ಬುತ್ತಿ, ಹಾಸಿಗೆ, ಎತ್ತುಗಳ ಮೇವು ಎಲ್ಲವನ್ನೂ ಹೇರಿಕೊಂಡು ಹೋಗಿ, ಬಂಡಿಯ ಬುಡದಲ್ಲೇ ಒಲೆ ಹೂಡಿ ಇರುತ್ತಿದ್ದವರು ನಮ್ಮ ಹಿರಿಯರು. ಅವ್ವ ತನ್ನ ಬಾಲ್ಯದಲ್ಲಿ ಹಾಗೆ ಹೋದವಳಾದ್ದರಿಂದ ಗಾಡಿ ಹತ್ತಿದ ಕೂಡಲೇ ಯಾವ ಸಾಮಾನು ಎಲ್ಲಿರಬೇಕೆಂದು ಹೇಳತೊಡಗಿದಳು. ಸೀಟಿನ ಕೆಳಗೆ ಇಟ್ಟರೆ ರಸ್ತೆಯ ಉಬ್ಬುಗಳಿಗೆ ಖಡಕ್ ರೊಟ್ಟಿ ಪುಡಿಯಾಗುತ್ತದೆಂದು ಬಟ್ಟೆಯಲ್ಲಿ ಬಿಗಿದ ರೊಟ್ಟಿಯ ಬುಟ್ಟಿಯನ್ನು ಹಾಸಿಗೆಯ ಮೇಲೆ, ಎರಡು ದಿಂಬುಗಳ ನಡುವೆ ಇಡಿಸಿದಳು. ಗುರೆಳ್ಳು ಹಿಂಡಿ, ಶೇಂಗಾ ಹಿಂಡಿಯ ಡಬ್ಬಿಗಳು ಕಟ್ಟೆಯ ಕೆಳಗಿನ ಖಾನೆಗೆ ಹೋದವು.

ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿ.ಮೀ. ಅಣ್ಣಿಗೇರಿ ದಾಟುವಾಗ ಎರಡೂ ಬದಿಗೆ ಎರೆಹೊಲಗಳು, ಅವುಗಳಲ್ಲಿ ಕಡಲೆ, ಕುಸುಬೆ, ಹಿಂಗಾರಿ ಜೋಳ. ಗದಗಿನಲ್ಲಿ ನಿಲ್ಲದೆ ಮುಂದೆ ಹೋದೆವು. ದೊಡ್ಡವ್ವನ ಊರು ಲಕ್ಕುಂಡಿಯ ಆಚೆ, ಹೆದ್ದಾರಿಯಿಂದ ಒಳಕ್ಕೆ.

ಅಲ್ಲಿಯ ಅಗಸಿ, ಅಂದರೆ ಊರ ಹೆಬ್ಬಾಗಿಲು, ಕಿರಿದು, ಅದರ ಒಳಗೆ ಕರೆಂಟಿನ ತಂತಿಗಳು ಜೋತುಬಿದ್ದಿವೆ, ಮೂರು ಮೀಟರಿನ ಆಸುಪಾಸು ಎತ್ತರದ ಗಾಡಿ ಒಳಗೆ ಹೋಗುವಂತಿರಲಿಲ್ಲ. ಆದ್ದರಿಂದ ಅಗಸಿಯ ಹೊರಗೆ, ದೊಡ್ಡವ್ವನ ಮಕ್ಕಳ ಕಣದಲ್ಲಿ ನಿಲ್ಲಿಸಿದೆವು. ಬೇವಿನ ಮರದ ನೆರಳಿಗೆ ತನ್ನಿರೆಂದು ಎಲ್ಲರೂ ಹೇಳಿದರು, ಆದರೆ ನೆರಳಿನಲ್ಲಿ ಸೌರ ಫಲಕ ಬ್ಯಾಟರಿಯನ್ನು ತುಂಬುವುದಿಲ್ಲ. ಚಳಿಗಾಲವಾದ್ದರಿಂದ ಎಸಿ ಬೇಕಿರಲಿಲ್ಲ, ದೀಪ, ನೀರಿನ ಪಂಪು ಮತ್ತು ಅವ್ವನ ಇನ್ಸುಲಿನ್ ಇಟ್ಟ ಫ್ರಿಜ್ಜಿಗೆ ಹಗಲಿನ ಬಿಸಿಲೇ ಸಾಕಾಯಿತು.

ದೊಡ್ಡವ್ವ ಕೋಲೂರಿಕೊಂಡು ಅಗಸಿಯವರೆಗೆ ತಾನೇ ಬಂದಳು. "ನಮ್ಮ ಮನ್ಯಾಗ ಜಾಗಾ ಇಲ್ಲೇನ ನಿನಗ, ಗಾಡ್ಯಾಗ ಮಕ್ಕೊಳ್ಳಾಕ?" ಎಂದು ಅವಳು ಕೇಳಿದಾಗ ದನಿಯಲ್ಲಿ ನಿಜವಾದ ನೋವಿತ್ತು. ಅವ್ವ ಅವಳನ್ನು ಗಾಡಿಯೊಳಗೆ ಹತ್ತಿಸಿಕೊಂಡು, ಕಮೋಡನ್ನೂ ಪಕ್ಕದ ಗೋಡೆಗೆ ಜಡಿದ ಉಕ್ಕಿನ ಹಿಡಿಕೆಯನ್ನೂ ತೋರಿಸಿ, ತನ್ನ ಮೊಣಕಾಲಿನ ಕಥೆಯನ್ನು ಮೊದಲ ಸಲ ಪೂರ್ತಿ ಹೇಳಿದಳು. ಅದೇ ಕಷ್ಟ ದೊಡ್ಡವ್ವನಿಗೂ ಇತ್ತು. ಆ ರಾತ್ರಿ ಅಕ್ಕತಂಗಿಯರಿಬ್ಬರೂ ಗಾಡಿಯಲ್ಲೇ ಮಲಗಿದರು, ನಾನು ಮನೆಯ ಪಡಸಾಲೆಯಲ್ಲಿ ಮಲಗಿದೆ. ಊಟ, ಚಹಾ ಎಲ್ಲವೂ ಮನೆಯೊಳಗೇ ನಡೆದವು. ಗಾಡಿಯ ಅಡುಗೆ ಕಟ್ಟೆಯನ್ನು ನೆಂಟರ ಊರಿನಲ್ಲಿ ಬಳಸಲೇಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಮಲಗುವುದು ನಮ್ಮ ಅನುಕೂಲಕ್ಕಾದರೂ ಉಣ್ಣುವುದು ಅವರ ಒಲೆಯದ್ದೇ ಆಗಿರಬೇಕು.

ಮರುದಿನ ಹೊಲದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ನೈವೇದ್ಯದ ಅಡುಗೆಯನ್ನು ಹೊಲಕ್ಕೆಲ್ಲ ಚರಗವಾಗಿ ಚೆಲ್ಲಿದರು. ಹೊಲ ಡಾಂಬರು ರಸ್ತೆಗೆ ಹತ್ತಿಕೊಂಡೇ ಇದ್ದುದರಿಂದ ಗಾಡಿಯನ್ನು ಅಂಚಿನಲ್ಲಿ ನಿಲ್ಲಿಸಿ, ಬದುವಿನ ಮೇಲೆ ಕುರ್ಚಿ ಹಾಕಿ ಅವ್ವನನ್ನು ಕೂರಿಸಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆಗಳ ಊಟವಾದ ಮೇಲೂ ಅವಳು ಸಂಜೆಯವರೆಗೆ ಅಲ್ಲೇ ಇದ್ದಳು. ಶೌಚಾಲಯ ಹತ್ತಿರವಿದೆಯೆಂಬ ಧೈರ್ಯವಿದ್ದುದರಿಂದ, ಪ್ರಯಾಣದ ದಿನಗಳಲ್ಲಿ ಕಡಿಮೆ ಮಾಡುತ್ತಿದ್ದ ನೀರನ್ನೂ ಅಂದು ಹೊಟ್ಟೆತುಂಬ ಕುಡಿದಳು.

ಇಂಥ ಗಾಡಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ವಿಷಯವನ್ನು ಇಲ್ಲಿ ಹೇಳಬೇಕು. ಕಮೋಡಿನ ಕೆಳಗೆ ಸುಮಾರು 20 ಲೀಟರು ಹಿಡಿಯುವ, ಹೊರಕ್ಕೆ ಎಳೆದು ತೆಗೆಯಬಹುದಾದ ಮುಚ್ಚಿದ ಪೆಟ್ಟಿಗೆಯಿರುತ್ತದೆ. ಅದನ್ನು ದಿನವೂ ಬೆಳಗ್ಗೆ ಮನೆಯ ಶೌಚಾಲಯಕ್ಕೆ ಸುರಿದು, ಹೇರಳ ನೀರು ಬಿಟ್ಟು ತೊಳೆಯಬೇಕು. ಅದಕ್ಕೆ ಫಿನಾಯಿಲು ಹಾಕಿದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಊರಿನ ಯಾರನ್ನಾದರೂ ಕರೆಸೋಣವೆಂದು ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಮಲ ಎತ್ತುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಕಾಯ್ದೆ ಇಲ್ಲದಿದ್ದರೂ ನನ್ನ ತಾಯಿಗಾಗಿ ತಂದ ಪೆಟ್ಟಿಗೆಯನ್ನು ತೊಳೆಯಬೇಕಾದವನು ನಾನೇ. ಕುಡಿಯುವ ನೀರನ್ನು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದೆವು, ಏಕೆಂದರೆ ಗದಗ ಜಿಲ್ಲೆಯ ಬಹಳಷ್ಟು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕೊಳವೆಬಾವಿಯ ನೀರು ಗಾಡಿಯ ಟ್ಯಾಂಕಿಗೆ, ತೊಳೆಯುವುದಕ್ಕೆ ಮಾತ್ರ.

ಅಲ್ಲಿಂದ ಲಕ್ಷ್ಮೇಶ್ವರ, ಸವಣೂರು ಹಾದು ಹಾವೇರಿಯ ಸೋದರಮಾವನ ಮನೆಗೆ ಹೋದೆವು. ಸವಣೂರಿನ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ದೊಡ್ಡ ಹುಣಸೆ (ಬಾವೊಬಾಬ್) ಮರಗಳನ್ನು ನೋಡಿ, ಕುರುಕಲು ತಿಂಡಿಯಾದ ಖಾರದ ಪೊಟ್ಟಣ ಕಟ್ಟಿಸಿಕೊಂಡೆವು. ಹಾವೇರಿಯಲ್ಲಿ ಓಣಿ ಅಗಲವಾಗಿತ್ತು, ಗಾಡಿ ಮನೆಯ ಬಾಗಿಲಿಗೇ ನಿಂತಿತು.

ತೊಂದರೆ ಕೊಟ್ಟದ್ದು ಮೆಟ್ಟಿಲು. ಗಾಡಿಯ ಮೊದಲ ಮೆಟ್ಟಿಲು ನೆಲದಿಂದ ಒಂದೂವರೆ ಅಡಿಗೂ ಎತ್ತರದಲ್ಲಿತ್ತು, ಹತ್ತುವಾಗಲೂ ಇಳಿಯುವಾಗಲೂ ಅವ್ವನನ್ನು ಇಬ್ಬರು ಹಿಡಿಯಬೇಕಾಗುತ್ತಿತ್ತು. ಮಾವ ಇದನ್ನು ನೋಡಿದವರೇ ಪರಿಚಯದ ವೆಲ್ಡಿಂಗ್ ಅಂಗಡಿಗೆ ಹೋಗಿ, ಅರ್ಧ ಅಡಿಗೊಂದರಂತೆ ಎರಡು ಹಂತಗಳಿರುವ, ಒಂದು ಬದಿಗೆ ಕೈಹಿಡಿ ಇರುವ, ಮಡಚಿ ಒಳಗಿಡಬಹುದಾದ ಕಬ್ಬಿಣದ ಮೆಟ್ಟಿಲನ್ನು ಮಾಡಿಸಿ ತಂದರು. ಹಿರಿಯರಿಗಾಗಿ ಮೋಟರ್‌ಹೋಮ್ ಗೊತ್ತುಮಾಡುವವರು ಹಾಸಿಗೆ, ಟಿವಿಗಳನ್ನು ಆಮೇಲೆ ವಿಚಾರಿಸಲಿ. ಮೊದಲ ಮೆಟ್ಟಿಲಿನ ಎತ್ತರ ಎಷ್ಟು, ಬಚ್ಚಲಲ್ಲಿ ಹಿಡಿಕೆ ಇದೆಯೇ, ಹೋಗುವ ಊರಿನ ಅಗಸಿ ಎಷ್ಟು ಅಗಲವಿದೆ ಎಂಬುದನ್ನು ಮೊದಲು ಕೇಳಲಿ. ಆ ಮೆಟ್ಟಿಲು ಈಗ ನಮ್ಮಲ್ಲೇ ಇದೆ, ಧಾರವಾಡದ ಸುತ್ತಮುತ್ತ ಯಾರಿಗಾದರೂ ಬೇಕಾದರೆ ಒಯ್ಯಬಹುದು.