ಮಳೆಗಾಲದಲ್ಲಿ ವಲಿಯಪರಂಬ: ಹೋಗುವವರಿಗೆ ಒಂದಿಷ್ಟು ಮಾತು

ಜೂನ್‌ನಿಂದ ಆಗಸ್ಟ್‌ವರೆಗೆ ವಲಿಯಪರಂಬಕ್ಕೆ ಹೋಗಬಹುದಾ ಅಂತ ತುಂಬ ಜನ ಕೇಳುತ್ತಾರೆ. ಖಂಡಿತ ಹೋಗಿ. ಆದರೆ ಕಡಲಿಗಾಗಿ ಅಲ್ಲ, ಕಾಯಲಿಗಾಗಿ, ಅಂದರೆ ಹಿನ್ನೀರಿಗಾಗಿ ಹೋಗಿ.

ನಮ್ಮ ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿರುವ ಈ ದ್ವೀಪ ಒಂದು ಉದ್ದನೆಯ ಮರಳು ಪಟ್ಟಿ. ಒಂದು ಬದಿ ಅರಬ್ಬಿ ಕಡಲು, ಇನ್ನೊಂದು ಬದಿ ಕವ್ವಾಯಿ ಹಿನ್ನೀರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಅಲೆ ದಡವನ್ನೇ ಕೊರೆಯುತ್ತಿರುತ್ತದೆ. ಕಾಯಲು ಮಾತ್ರ ಶಾಂತ. ಹೊಳೆಗಳ ಕೆಂಪು ನೀರು ಬಂದು ಸೇರುತ್ತದೆ, ತೆಂಗಿನ ತೋಟವೆಲ್ಲ ಹಸಿರೋ ಹಸಿರು, ಜನಸಂದಣಿ ಇಲ್ಲ. ರೂಮು ಹಿಡಿಯುವಾಗ ಕಾಯಲಿನ ಬದಿಯದ್ದೇ ಬೇಕು ಅಂತ ಕೇಳಿ. ಕಡಲಿನ ಬದಿಯಲ್ಲಿ ಉಪ್ಪುಗಾಳಿಗೆ ಕಿಟಕಿ ತೆರೆಯಲೂ ಆಗುವುದಿಲ್ಲ. ಬಾಡಿಗೆ ಚೌಕಾಸಿ ಮಾಡಿ, ಈ ಸಮಯದಲ್ಲಿ ಕಡಿಮೆ ಮಾಡುತ್ತಾರೆ.

ಕಾರಿಗಿಂತ ರೈಲು ಒಳ್ಳೆಯದು. ಚೆರುವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಹೆದ್ದಾರಿಗೇ ಕುಸಿದಿತ್ತು. ಮಂಗಳೂರು-ಕಣ್ಣೂರು ಪ್ಯಾಸೆಂಜರ್ ಹತ್ತಿ ಚೆರುವತ್ತೂರಿನಲ್ಲಿ ಇಳಿದರೆ ಮುಂದಕ್ಕೆ ಆಟೋ ಸಿಗುತ್ತದೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ ಅಪರೂಪ, ನಾಲ್ಕು ಮಾತು ಮಲಯಾಳ ಗೊತ್ತಿದ್ದರೆ ಅನುಕೂಲ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಾವು ದೋಣಿಯಲ್ಲಿ ಹೋದಾಗ ನೀರಿನ ನಡುವೆ ಸಾಲುಸಾಲು ಬಿದಿರಿನ ಗಳ ನಿಂತಿತ್ತು. ಹಗ್ಗ ಒಂದೂ ಇರಲಿಲ್ಲ. ಅದು ಪಚ್ಚಿಲೆ, ಅಂದರೆ ತಿನ್ನುವ ಹಸಿರು ಚಿಪ್ಪುಮೀನು ಸಾಕುವ ಜಾಗ. ನವೆಂಬರ್ ಹೊತ್ತಿಗೆ ಮರಿಗಳನ್ನು ಹಗ್ಗಕ್ಕೆ ಸುತ್ತಿ ಇಳಿಬಿಡುತ್ತಾರೆ. ಮಳೆ ನೀರು ಸೇರಿ ಉಪ್ಪು ಕಡಿಮೆಯಾದರೆ ಪಚ್ಚಿಲೆ ಸಾಯುತ್ತದೆ, ಹಾಗಾಗಿ ಮುಂಗಾರಿಗೆ ಮೊದಲೇ ಎಲ್ಲ ಕಿತ್ತು ಮಾರಿಬಿಡುತ್ತಾರೆ. ಖಾಲಿ ಗಳಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಅಂದರೆ, ಪಚ್ಚಿಲೆ ತಿನ್ನುವ ಆಸೆಯಿದ್ದರೆ ಬೇಸಿಗೆಯಲ್ಲೇ ಬನ್ನಿ. ಜುಲೈ 31ರವರೆಗೆ ಟ್ರಾಲಿಂಗ್ (ಯಾಂತ್ರಿಕ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ ಇರುವುದರಿಂದ ಕಡಲ ಮೀನೂ ಕಡಿಮೆ, ರೇಟು ಜಾಸ್ತಿ. ಕಾಯಲಿನ ಕರಿಮೀನು, ಸಿಗಡಿ ಕೇಳಿ ನೋಡಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ನಮಗೆ ಬಿಸಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಉಪ್ಪಿನಕಾಯಿ ಕೊಟ್ಟರು. ಆ ಮಳೆಗೆ ಅದಕ್ಕಿಂತ ಒಳ್ಳೆಯ ಊಟ ಇನ್ನೇನು ಬೇಕು?

ದೋಣಿ ಸವಾರಿ ಬೆಳಿಗ್ಗೆ ಇಟ್ಟುಕೊಳ್ಳಿ. ಲೈಫ್ ಜಾಕೆಟ್ ಕೊಡದಿದ್ದರೆ ಸುಮ್ನೆ ಹತ್ತಬೇಡಿ. ಗುಡುಗು ಕೇಳಿದ ಕೂಡಲೇ ದಡಕ್ಕೆ ಬನ್ನಿ. ಹವಾಮಾನ ಇಲಾಖೆಯ ಎಚ್ಚರಿಕೆ ದಿನವೂ ನೋಡಿ. ರೆಡ್ ಅಲರ್ಟ್ ಇದ್ದರೆ ಪ್ರವಾಸ ಮುಂದೂಡಿ, ಆರೆಂಜ್ ಇದ್ದರೆ ರೂಮಿನಲ್ಲೇ ಇರಿ. ಕಾಲಲ್ಲಿ ಗಾಯವಿದ್ದರೆ ನಿಂತ ನೀರಿಗೆ ಇಳಿಯಬೇಡಿ, ಕೇರಳದ ಮಳೆಗಾಲದಲ್ಲಿ ಇಲಿಜ್ವರದ ಭಯ ಇದ್ದೇ ಇದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಪವರ್ ಬ್ಯಾಂಕ್ ಮತ್ತು ಟಾರ್ಚ್ ಬೇಕೇ ಬೇಕು. ಜೀನ್ಸ್ ತರಬೇಡಿ, ಒಣಗುವುದೇ ಇಲ್ಲ.

ಒಂದೇ ದಿನಕ್ಕೆ ಬಂದರೆ ಇಡೀ ದಿನ ಮಳೆ ಹೊಡೆದು ಏನೂ ಕಾಣದೆ ಹೋಗಬಹುದು. ಎರಡು ರಾತ್ರಿ ಇಟ್ಟುಕೊಂಡರೆ ಎಲ್ಲೋ ಒಂದು ಹೊಳವು ಸಿಕ್ಕೇ ಸಿಗುತ್ತದೆ. ವಾಪಸ್ ಬರುವಾಗ ಬೇಕಲ ಕೋಟೆಗೆ ಇಳಿಯಬಹುದು. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ. ಪಾಚಿ ಹಿಡಿದ ಮುರಕಲ್ಲು ಬಹಳ ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ.